ಯಾವ ಗಿಡದ ಬುಡಕ್ಕೆ

ತವರುಮನೆ, ಜಾಲಹಳ್ಳಿ ಹತ್ತಿರ
ದೇವದುರ್ಗ ತಾಲೂಕು
೧೬ ಮಾರ್ಚ್ ೨೦೨೬, ಸೋಮವಾರ, ಬೆಳಗಿನ ಜಾವ

ಚೇತನಾಳ ಅಪ್ಪನವರಿಗೆ ಸುಮಂಗಲಾ ಮಾಡುವ ನಮಸ್ಕಾರ.

ಈಗ ಎರಡು ಗಂಟೆ ಹತ್ತು ನಿಮಿಷ. ಕೆರೆ ಕಡೆಯಿಂದ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದಿಗೆ ಎಚ್ಚರವಾಯಿತು. ಎದ್ದು ಬಾಗಿಲಿಗೆ ಬಂದು ನೋಡಿದರೆ ಏರಿಯ ಮೇಲೆ ಲಾರಿ ನಿಂತಿದೆ. ಅದರ ಮೇಲಿಂದ ಹಿಟಾಚಿ ಇಳಿಸುತ್ತಿದ್ದಾರೆ. ಇಳಿಯಲೆಂದು ಹಾಸಿದ ಕಬ್ಬಿಣದ ಹಲಗೆ ಜಾರಿ ಬಿದ್ದ ಸದ್ದು ಅದು. ಚೇತನಾ ಏಳಲಿಲ್ಲ. ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ, ಉಸಿರು ಬರುತ್ತಿತ್ತು. ಇನ್ನೊಮ್ಮೆ ಇಟ್ಟು ನೋಡಿದೆ. ಆಮೇಲೆ ಈ ನೋಟ್‌ಬುಕ್ಕು ಹುಡುಕಿದೆ.

ಮೊದಲು ಮುಖ್ಯವಾದ ಮಾತು ಬರೆದುಬಿಡುತ್ತೇನೆ, ಆಮೇಲೆ ಕೂಸು ಎದ್ದರೆ ಬರೆಯಲು ಆಗುವುದಿಲ್ಲ. ಬೆಳಿಗ್ಗೆ ಆರು ಗಂಟೆಗೆ ನಮ್ಮೂರ ಕೆರೆಯೊಳಗಿನ ಜಾಲಿಯನ್ನೆಲ್ಲ ಬೇರು ಸಮೇತ ಕೀಳಲು ಶುರು ಮಾಡುತ್ತಾರೆ. ನಮ್ಮ ಮೊದಲನೇ ಕೂಸು ಅದೇ ಕೆರೆಯಲ್ಲಿ ಯಾವುದೋ ಒಂದು ಗಿಡದ ಬುಡದಲ್ಲಿದೆ. ಯಾವ ಗಿಡ ಅನ್ನುವುದು ನಿಮಗೊಬ್ಬರಿಗೇ ಗೊತ್ತು. ಅದನ್ನು ನನಗೆ ಹೇಳಬೇಕು. ಇಷ್ಟೇ.

ನೀವು ನನ್ನ ಫೋನ್ ಎತ್ತುವುದಿಲ್ಲ. ನಿನ್ನೆ ಹನ್ನೊಂದು ಸಲ ಮಾಡಿದೆ. ಆದರೆ ದಿನಾ ಸಂಜೆ ನಾನು ಕಳಿಸುವ ಚೇತನಾಳ ಫೋಟೋಕ್ಕೆ ಎರಡು ನೀಲಿ ಗೆರೆ ಬೀಳುತ್ತವೆ. ಮಾನ್ವಿಯಲ್ಲಿ ನಿಮ್ಮ ಅಕ್ಕಿ ಗಿರಣಿಯ ರಾತ್ರಿ ಪಾಳಿಯವರು ನಾಲ್ಕು ಗಂಟೆಗೆ ಚಹಾಕ್ಕೆ ಹೊರಗೆ ಬರುತ್ತೀರಿ, ಆಗ ಫೋನ್ ನೋಡುತ್ತೀರಿ ಎಂಬುದೂ ನನಗೆ ಗೊತ್ತು. ಅದಕ್ಕೇ ಈ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಫೋನಿನಲ್ಲೇ ಟೈಪ್ ಮಾಡಬಹುದಿತ್ತು. ಟೈಪ್ ಮಾಡಿದರೆ ಅಳಿಸಿಬಿಡುತ್ತೇನೆ. ದಸರೆಯಿಂದ ಈಚೆಗೆ ಈ ಐದು ತಿಂಗಳಲ್ಲಿ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಪೆನ್ನಿನಲ್ಲಿ ಬರೆದದ್ದು ಹೇಗಿದ್ದರೂ ಉಳಿಯುತ್ತದೆ.

ಜಾಲಿ ತೆಗೆಸಿರಿ ಎಂದು ಪಂಚಾಯಿತಿಗೆ ಅರ್ಜಿ ಬರೆದವಳು ನಾನೇ. ಇದು ನಿಮಗೆ ತಿಳಿದಿರಲಿಕ್ಕಿಲ್ಲ. ನಿಮ್ಮೂರು ರಾಯಚೂರು ಶಹರ, ನಿಮಗೆ ನಮ್ಮ ಕೆರೆ ಮುಂಚೆ ಹೇಗಿತ್ತೆಂದು ಗೊತ್ತಿಲ್ಲ. ನಾನು ಎರಡನೇ ಈಯತ್ತೆಯಲ್ಲಿದ್ದಾಗ ಅದರಲ್ಲಿ ನೀರಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಹುಲ್ಲು ಏಳುತ್ತಿತ್ತು, ಅವ್ವ ಆಡು ಬಿಡುತ್ತಿದ್ದಳು. ಆಮೇಲೆ ಬಳ್ಳಾರಿ ಜಾಲಿ ಬಂತು. ದುರುಗಪ್ಪ ಕಾಕಾ ಇವತ್ತಿಗೂ ಅದನ್ನು ಸರಕಾರಿ ಜಾಲಿ ಅಂತಲೇ ಕರೆಯುತ್ತಾನೆ. ಹಸಿರಿಲ್ಲ, ಸೌದೆಯಿಲ್ಲ ಎಂದು ಸರಕಾರದವರೇ ಬೀಜ ಎರಚಿದರು ಅನ್ನುವುದು ಅವನ ಮಾತು. ಎಲ್ಲಿಯೋ ಅಮೆರಿಕಾದ ಕಡೆಯ ಗಿಡ ಎಂದು ಕಾಲೇಜಿನಲ್ಲಿ ನಮಗೆ ಪಾಠವಿತ್ತು. ಆಡುಗಳು ಅದರ ಹಳದಿ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಒಂದೊಂದು ಗಿಡ. ಕಡಿದರೆ ಒಂದರ ಜಾಗಕ್ಕೆ ನಾಲ್ಕು ಕವಲು. ಕೆರೆಗೆ ನೀರು ಬರುವ ಹಳ್ಳದ ಬಾಯಿಯೂ ಕಟ್ಟಿಕೊಂಡಿತು. ನಮ್ಮ ಓಣಿಯ ಬಾವಿ ಬತ್ತಿತು. ಏರಿಯ ಕೆಳಗೆ ಗೌಜಲಕ್ಕಿ ಕೂಗುವುದು ನಿಂತಿತು. ಟ್ರ್ಯಾಕ್ಟರ್ ಗಾಲಿ ಪಂಕ್ಚರ್ ಆಗದ ವಾರವಿಲ್ಲ. ಜಾಲಹಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ನಮ್ಮೂರವರನ್ನು ಕಂಡರೆ, "ಜಾಲಿಹಳ್ಳಿಯವರು ಇಳೀರಿ, ಮುಳ್ಳು ನೋಡಿ ಇಳೀರಿ" ಎಂದು ನಗುತ್ತಾನೆ.

ಆದರೆ ನಾನು ಓದಿದ್ದು ಅದೇ ಜಾಲಿಯ ಮೇಲೆ ಎಂಬುದನ್ನೂ ಬರೆಯಬೇಕು. ಅಪ್ಪ ಅದನ್ನು ಕಡಿದು, ಮಣ್ಣು ಮುಚ್ಚಿ ಸುಟ್ಟು ಇದ್ದಿಲು ಮಾಡಿ ಲಾರಿಗೆ ಹಾಕಿದ್ದರಿಂದ ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದೆ. ಅರ್ಜಿ ಬರೆದು ಅಪ್ಪನಿಗೆ ಓದಿ ಹೇಳಿದಾಗ ಅವನು, "ನಿನಗ ಅನ್ನ ಹಾಕಿದ್ದನ್ನs ಕೀಳಸ್ತಿ ಅಲ್ಲಬೇ, ಕೀಳಸು, ನಂದೂ ಸೊಂಟ ಹೋತು" ಎಂದ. ಅಷ್ಟೇ ಅಂದದ್ದು.

ಅರ್ಜಿ ಬರೆಯುವಾಗ ನನಗೆ ಕೂಸಿನ ಬಗ್ಗೆ ಭಯವಿರಲಿಲ್ಲ. ಏಕೆಂದರೆ ಅವನು ಬನ್ನಿ ಗಿಡದ ಬುಡದಲ್ಲಿದ್ದಾನೆ ಎಂದು ನನಗೆ ಹೇಳಿದ್ದರು. ಬನ್ನಿಯನ್ನು ಯಾರೂ ಕಡಿಯುವುದಿಲ್ಲ.

ಕೂಸು ತೀರಿಹೋದ ಆ ದಿನ ನಾನು ದೇವದುರ್ಗದ ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದ್ದೆ. ಅವ್ವ ನನ್ನ ತಲೆಯ ಹತ್ತಿರ, ಅಪ್ಪ ಹೊರಗೆ ಕಟ್ಟೆಯ ಮೇಲೆ. ಒಂಬತ್ತು ದಿನದ ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಕಾಗದದಲ್ಲಿ 'ಸುಮಂಗಲಾ ಇವರ ಗಂಡುಮಗು' ಎಂದೇ ಬರೆದಿದ್ದರು. ನಿಮ್ಮದು ರಾಯಚೂರಿನಲ್ಲಿ ಬಾಡಿಗೆ ಮನೆ, ಸ್ವಂತದ್ದು ಅಂತ ಒಂದು ಗೇಣು ನೆಲವಿಲ್ಲ. ನೀವು ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಅಪ್ಪನ ಮುಂದೆ ನಿಂತಿದ್ದಿರಂತೆ. ಆಗ ಅಪ್ಪನೇ, "ನಮ್ಮೂರಿಗೇ ಒಯ್ಯಪಾ. ಕೆರಿ ಒಳಗ ಇಳದು ದಾಟಿದ್ರ ದೊಡ್ಡದೊಂದು ಬನ್ನಿ ಗಿಡ ಅದ. ಅದರ ಬುಡಕ ಇಡು. ದುರುಗಪ್ಪನ ಮನ್ಯಾಗ ಗುದ್ದಲಿ ಇಸ್ಕೊ" ಎಂದು ಹೇಳಿದನಂತೆ. ಇದು ಅವ್ವ ನನಗೆ ಹೇಳಿದ್ದು. ದುರುಗಪ್ಪ ಕಾಕಾ ಜೊತೆಗೆ ಬರುತ್ತೇನೆಂದರೂ ನೀವು ಬೇಡವೆಂದು ಒಬ್ಬರೇ ಹೋದಿರಿ. ೨೦೨೩ರ ಆಗಸ್ಟ್ ತಿಂಗಳು, ಮೂರು ದಿನದಿಂದ ಮಳೆ ಹಿಡಿದಿತ್ತು.

ಮನೆಗೆ ಬಂದ ಮೇಲೆ ನಾನು ಅಳಲಿಲ್ಲ. ನಿಮಗೆ ನೆನಪಿರಬಹುದು. ಅಳುವ ಬದಲು ಕೇಳುತ್ತಿದ್ದೆ. ಎಷ್ಟು ಆಳ ತೋಡಿದಿರಿ? ತಲೆ ಯಾವ ಕಡೆ ಇತ್ತು? ಮೇಲೆ ಕಲ್ಲು ಇಟ್ಟಿರಾ? ನಾಯಿ ಬರದ ಹಾಗೆ ಮುಳ್ಳು ಮುಚ್ಚಿದಿರಾ? ನೀವು ಊಟಕ್ಕೆ ಕುಳಿತಾಗಲೂ ಕೇಳುತ್ತಿದ್ದೆ. ಒಂದು ದಿನ ನೀವು ತಟ್ಟೆ ಸರಿಸಿ, "ಬನ್ನಿ ಬುಡಕ ಇಟ್ಟು ಬಂದೀನಿ, ಸುಮಂಗಲಾ. ಮತ್ತ ಕೇಳಬ್ಯಾಡ" ಎಂದಿರಿ. ನಾನು ಮತ್ತೆ ಕೇಳಿದೆ. ಎರಡು ವರ್ಷ ಕೇಳಿದೆ. ಈಗ ಯೋಚಿಸಿದರೆ ನಾನಾದರೂ ನನ್ನ ಜೊತೆ ಇರುತ್ತಿರಲಿಲ್ಲ.

ನಾನು ಅಲ್ಲಿಗೆ ಹೋಗಿ ನೋಡಬಹುದಿತ್ತಲ್ಲ ಅನ್ನಬಹುದು. ಹೆತ್ತವಳು ಕೂಸಿನ ಕುಣಿಯ ಕಡೆ ಹೋಗಬಾರದೆಂದು ಅವ್ವ ಬಿಡಲಿಲ್ಲ. ಬಿಟ್ಟಿದ್ದರೂ ಹೋಗಲಾಗುತ್ತಿರಲಿಲ್ಲ, ಬನ್ನಿಯ ಸುತ್ತ ಜಾಲಿ ಹಾಗೆ ಕವಿದುಕೊಂಡಿತ್ತು. ದೂರದಿಂದ ಅದರ ನೆತ್ತಿ ಮಾತ್ರ ಕಾಣುತ್ತಿತ್ತು. ಕೆರೆಗಾಗಿ, ಬಾವಿಗಾಗಿ ಎಂದು ಅರ್ಜಿಯಲ್ಲಿ ಎರಡು ಪುಟ ಬರೆದೆ. ಅದೆಲ್ಲ ಸುಳ್ಳಲ್ಲ. ಆದರೆ ನನಗೆ ಬನ್ನಿಯವರೆಗೆ ಒಂದು ದಾರಿ ಬೇಕಾಗಿತ್ತು. ಅದನ್ನು ಅರ್ಜಿಯಲ್ಲಿ ಬರೆಯಲಿಲ್ಲ.

ಈಗ ದಸರೆಯ ದಿನದ ಮಾತು. ಅದನ್ನು ಬರೆಯದೆ ಮುಂದೆ ಹೋಗಲಾಗುವುದಿಲ್ಲ.

ನಾನು ಎಂಟು ತಿಂಗಳ ಬಸುರಿ, ಹೆರಿಗೆಗೆಂದು ಆಗಲೇ ಇಲ್ಲಿಗೆ ಬಂದಿದ್ದೆ. ನೀವು ಮಾನ್ವಿಯಿಂದ ಎರಡು ಬಸ್ಸು ಬದಲಿಸಿ, ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು ಬಂದಿರಿ. ಕರವಸ್ತ್ರದಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಬಂದಿದ್ದಿರಿ, ಗಿರಣಿಯ ಹಿಂದೆಯೇ ಗಿಡ ಇದೆ ಎಂದಿರಿ. ಪಡಸಾಲೆಯಲ್ಲಿ ಅಪ್ಪ, ಅವ್ವ, ದುರುಗಪ್ಪ ಕಾಕಾ, ಪಕ್ಕದ ಮನೆಯ ವಾಹಿದಾ ಚಿಕ್ಕಮ್ಮ ಎಲ್ಲರೂ ಇದ್ದರು. ಎಲ್ಲರಿಗೂ ಕೊಟ್ಟು ಕೊನೆಗೆ ನನ್ನ ಕೈಗೆ ಹಾಕಿ, "ಬನ್ನಿ ತಗೊಂಡು ಬಂಗಾರದಾಂಗ ಇರೂಣು" ಎಂದಿರಿ. ಆ ಎರಡು ವರ್ಷದಲ್ಲಿ ನೀವು ನನ್ನ ಮುಖ ನೋಡಿ ಹೇಳಿದ ಒಳ್ಳೆಯ ಮಾತು ಅದೊಂದೇ ಇರಬೇಕು. ನಾನು ಕಾಲಿಗೆ ಬಗ್ಗುವುದು ಬಿಟ್ಟು ಎಲೆಯನ್ನು ಅಂಗೈ ಮೇಲೆ ಬಿಡಿಸಿ ನೋಡಿದೆ.

"ಇದು ಬನ್ನಿ ಅಲ್ರೀ. ಬಳ್ಳಾರಿ ಜಾಲಿ" ಎಂದೆ.

ಎಲ್ಲರೂ ಅವರವರ ಕೈ ನೋಡಿಕೊಂಡರು. ದುರುಗಪ್ಪ ಕಾಕಾ ಮೊದಲು ನಕ್ಕ. "ಅಳಿಯಪ್ಪಾ, ಹಂಗಾರ ನಾವು ಬಂಗಾರದಾಂಗ ಅಲ್ಲ, ಇದ್ದಿಲಾಂಗ ಇರಬೇಕಾತು" ಎಂದ. ವಾಹಿದಾ ಚಿಕ್ಕಮ್ಮ, "ಶಹರದಾಗ ಬೆಳದ ಹುಡುಗ, ಅವರ ಓಣ್ಯಾಗ ಮಂದಿ ಏನ್ ಕೊಡ್ತಾರೊ ಅದನ್ನs ಬನ್ನಿ ಅಂದಾನ. ನಗಬ್ಯಾಡ್ರಿ, ಪಾಪ" ಎಂದು ತಾನೇ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಕ್ಕಿದ್ದೆ, ನಿಲ್ಲಿಸಲಾಗಲಿಲ್ಲ.

ನೀವು ಕೇಳಿದಿರಿ, "ಎರಡೂ ಒಂದs ಅಲ್ಲೇನು?"

ನಾನು ಪ್ರಾಕ್ಟಿಕಲ್ ಪರೀಕ್ಷೆಗೆ ನಿಂತವಳ ಹಾಗೆ ಹೇಳತೊಡಗಿದೆ. ಒಂದೇ ಕುಲ, ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಜಾಲಿಗೆ ಗೆಣ್ಣಿಗೆರಡು ಉದ್ದನೆಯ ಮುಳ್ಳು, ಬನ್ನಿಗೆ ಸಣ್ಣ ಮುಳ್ಳು, ಅಲ್ಲಲ್ಲಿ. ಜಾಲಿಯ ಎಲೆ ಒತ್ತಾಗಿ, ಬನ್ನಿಯದು ಬೂದು ಹಸಿರು. ನೀವು ಜಾಲಿ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತ ಇದ್ದಿರಿ. ಆಮೇಲೆ ಸಣ್ಣ ದನಿಯಲ್ಲಿ, "ಬನ್ನಿ ಕೆಳಗ ಹುಲ್ಲು ಇರ್ತದೇನು?" ಎಂದು ಕೇಳಿದಿರಿ.

"ಹುಲ್ಲೇನು, ಬನ್ನಿ ಕೆಳಗ ಜೋಳನೂ ಬೆಳೀತದ. ಜಾಲಿ ಬುಡಕ ನೋಡ್ರಿ, ಒಂದು ಗರಿಕಿನೂ ಹುಟ್ಟಂಗಿಲ್ಲ. ತನ್ನ ಬಿಟ್ಟು ಯಾರನ್ನೂ ಬದುಕಗೊಡಂಗಿಲ್ಲ ಅದು" ಎಂದೆ. ಬಹಳ ಜಂಬದಿಂದ ಹೇಳಿದೆ.

ನೀವು ಚಹಾ ಕಪ್ಪು ಕೆಳಗಿಟ್ಟಿರಿ. ಬಸ್ಸಿನ ಹೊತ್ತಾಯಿತು ಎಂದಿರಿ. ಅವ್ವ ಹೋಳಿಗೆ ಬಡಿಸಿದ್ದಳು, "ಉಂಡ ಹೋಗ್ರಿ, ಹಬ್ಬದ ದಿನ" ಎಂದು ಬಾಗಿಲವರೆಗೆ ಬಂದಳು. ನೀವು ತಿರುಗಿ ನೋಡಲಿಲ್ಲ. ಎಲ್ಲರ ಮುಂದೆ ನಕ್ಕಿದ್ದಕ್ಕೆ ಸಿಟ್ಟು ಬಂತು ಎಂದುಕೊಂಡೆ. ಒಂದು ಎಲೆಯ ಮಾತಿಗೆ ಇಷ್ಟು ಸೊಕ್ಕೇ ಎಂದು ಅವ್ವನ ಮುಂದೆ ಅಂದೆ. ಹಬ್ಬ ಮುಗಿದ ಮೇಲೂ ಅಂದೆ. ನವೆಂಬರಿನಲ್ಲಿ ಚೇತನಾ ಹುಟ್ಟಿದಾಗ ನೀವು ಆಸ್ಪತ್ರೆಗೆ ಬಂದು ಅರ್ಧ ಗಂಟೆ ನಿಂತಿರಿ. ಅವಳನ್ನು ಎತ್ತಿಕೊಳ್ಳಲಿಲ್ಲ. ನರ್ಸು ಕೊಡಲು ಬಂದರೆ ಕೈ ಹಿಂದೆ ಕಟ್ಟಿಕೊಂಡಿರಿ. ಹೆಣ್ಣು ಎಂದು ಮುಖ ತಿರುಗಿಸಿದ ಎಂದು ಅತ್ತ ಕಡೆಯ ಹಾಸಿಗೆಯವಳು ನನ್ನ ಅವ್ವನಿಗೆ ಹೇಳಿದಳು. ನಾನು ಅದನ್ನೂ ನಂಬಿದೆ. ಆಮೇಲೆ ನಿಮಗೆ ಕಳಿಸಿದ ಮೆಸೇಜುಗಳಲ್ಲಿ ನಾನು ಏನೇನು ಬರೆದೆ ಎಂದು ನಿಮಗೆ ಗೊತ್ತಿದೆ. ಅವನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ.

(ಚೇತನಾ ಎದ್ದಿದ್ದಳು. ಹಾಲು ಕುಡಿಸಿ ಮಲಗಿಸಿದೆ. ಮೂರು ಗಂಟೆ ಐದು ನಿಮಿಷ.)

ಹೋದ ವಾರ ಪಂಚಾಯಿತಿಯ ಬೀರೇಶ ಮನೆಗೆ ಬಂದಿದ್ದ. ಕರ ವಸೂಲಿ ಮಾಡುತ್ತಾನಲ್ಲ, ಅವನೇ. "ಅಕ್ಕಾರ, ಅರ್ಜಿ ನಿಮ್ದು, ಓದಿದವರೂ ನೀವs. ಕೆರ್ಯಾಗ ಯಾವ ಗಿಡ ಉಳಸಬೇಕು ಅಂತ ಪಟ್ಟಿ ಮಾಡಿ ಸಹಿ ಹಾಕ್ರಿ. ಸುಣ್ಣದ ಪಟ್ಟಿ ಬಳದ ಗಿಡ ಬಿಟ್ಟು ಉಳಿದದ್ದೆಲ್ಲ ಡ್ರೈವರ್ ಕಿತ್ತ ಒಗೀತಾನ. ಅವಂಗ ಬನ್ನಿನೂ ಒಂದs, ಬ್ಯಾವಿನಗಿಡನೂ ಒಂದs" ಎಂದ. ಅವ್ವ ಬೇಡವೆಂದಳು. ಎರಡೂವರೆ ವರ್ಷದಿಂದ ಬೇಡವೆನ್ನುತ್ತಿದ್ದಾಳೆ. ಈ ಸಲ ನಾನು ಚೇತನಾಳನ್ನು ವಾಹಿದಾ ಚಿಕ್ಕಮ್ಮನ ಹತ್ತಿರ ಬಿಟ್ಟು, ದುರುಗಪ್ಪ ಕಾಕಾನನ್ನು ಕರೆದುಕೊಂಡು ಹೋದೆ. ಅವನು ಮುಂದೆ ಕುಡುಗೋಲಿನಿಂದ ದಾರಿ ಮಾಡುತ್ತ, ನಾನು ಹಿಂದೆ ಸುಣ್ಣದ ಬಕೆಟ್ಟು ಹಿಡಿದು. ಮೂರು ದಿನ ಹಿಡಿಯಿತು. ನಮ್ಮ ನಾಟಿ ಕರಿಜಾಲಿ ಏಳು ಸಿಕ್ಕವು, ಬೇವು ಮೂರು, ಹುಣಸೆ ಒಂದು. ಅಷ್ಟು ದೊಡ್ಡ ಕೆರೆಯಲ್ಲಿ ನಮ್ಮ ಕಡೆಯವು ಅಂತ ಅಷ್ಟೇ ಉಳಿದಿವೆ. ಅವೂ ಅರ್ಧ ಒಣಗಿ, ಜಾಲಿಯ ನಡುವೆ ಕುತ್ತಿಗೆ ಮೇಲೆತ್ತಿ ನಿಂತಿವೆ.

ಬುಧವಾರ ಬನ್ನಿಯ ಹತ್ತಿರ ಹೋದೆವು. ಅದು ಕೆರೆಯ ಆಚೆ ದಂಡೆಯಲ್ಲಿ, ದಿಬ್ಬದ ಮೇಲಿದೆ. ಕಪ್ಪು ನೆಲ ಮುಗಿದು ಅಲ್ಲಿಂದ ಕೆಂಪು ಗರಸು ಶುರುವಾಗುತ್ತದೆ. ಬುಡದ ಸುತ್ತ ಒಣಹುಲ್ಲು ಹಾಸಿದಂತಿತ್ತು. ನಾನು ಸುತ್ತ ಬಂದೆ, ಇನ್ನೊಮ್ಮೆ ಬಂದೆ. ಕಲ್ಲಿಲ್ಲ. ನೆಲ ತೋಡಿದ, ಕುಸಿದ ಗುರುತಿಲ್ಲ. ಒಂದು ಕಡೆ ಹಳೆಯ ಹುತ್ತ, ಇನ್ನೊಂದು ಕಡೆ ಬೇರು. ನಾನು ಏನು ಹುಡುಕುತ್ತಿದ್ದೇನೆಂದು ದುರುಗಪ್ಪ ಕಾಕಾನಿಗೆ ಗೊತ್ತಾಯಿತು. ಅವನು ಕುಡುಗೋಲು ಕೆಳಗಿಟ್ಟು ಕುಕ್ಕರಗಾಲಲ್ಲಿ ಕುಳಿತ.

"ಇಲ್ಲಿ ಯಾರೂ ನೆಲ ಮುಟ್ಟಿಲ್ಲಬೇ" ಎಂದ.

"ಮಳಿಗೆ ಮುಚ್ಚಿರಬೇಕು, ಕಾಕಾ" ಎಂದೆ.

ಅವನು ಬುಡದ ಕೆಂಪು ಗರಸನ್ನು ಬೆರಳಲ್ಲಿ ಕೆದರಿದ. ಆಮೇಲೆ, "ಅವತ್ತು ನಿನ್ನ ಗಂಡ ಸಂಜೀವಪ್ಪ ಗುದ್ದಲಿ ತಿರುಗಿ ಕೊಟ್ಟಾಗ ನಾನs ತೊಳದೀನಿ. ಕರಿಮಣ್ಣು ಮೆತ್ತಿತ್ತು, ಹಿಡಿಕಿ ತನಕ. ಕೆರಿ ಒಳಗಿನ ಎರಿಮಣ್ಣು. ಇಲ್ಲಿ ಅಗದಿದ್ರ ಕೆಂಪು ಹತ್ತಬೇಕಿತ್ತು. ಎರಡೂ ಕೈ ಮುಳ್ಳು ಗೀರಿ ರಕ್ತ ಸೋರಾಕತ್ತಿದ್ವು. ನಾನು ಕೇಳಲಿಲ್ಲ. ಅಂಥಾ ಹೊತ್ತಿನ್ಯಾಗ ಏನಂತ ಕೇಳಲಿ?" ಎಂದ.

ನಾನು ಬನ್ನಿಗೆ ಸುಣ್ಣದ ಪಟ್ಟಿ ಬಳಿದೆ. ಮನೆಗೆ ಬಂದೆ. ರೊಟ್ಟಿ ಬಡಿದೆ. ಉಂಡೆ. ಚೇತನಾಳ ಬಟ್ಟೆ ಒಗೆದು ಹಾಕಿದೆ. ಹಗ್ಗದ ಮೇಲೆ ಕೊನೆಯ ಲಂಗೋಟಿ ಹಾಕುವಾಗ ನಿಮ್ಮ ಪ್ರಶ್ನೆ ನೆನಪಾಯಿತು. ಬನ್ನಿ ಕೆಳಗೆ ಹುಲ್ಲು ಇರುತ್ತದೇನು ಎಂದು ಕೇಳಿದಿರಲ್ಲ.

ಆಗ ತಿಳಿಯಿತು, ರೀ. ದಸರೆಯ ದಿನ ಪಡಸಾಲೆಯಲ್ಲಿ ನಾವೆಲ್ಲ ನಗುತ್ತಿದ್ದಾಗ ನಿಮಗೆ ಏನು ತಿಳಿಯಿತು ಎಂಬುದು ನನಗೆ ಐದು ತಿಂಗಳ ಮೇಲೆ ತಿಳಿಯಿತು. ಅಪ್ಪ ಬನ್ನಿ ಎಂದ, ನೀವು ಚಿಕ್ಕಂದಿನಿಂದ ಯಾವ ಎಲೆಯನ್ನು ಬನ್ನಿ ಎಂದು ಕೈಯಲ್ಲಿ ಹಿಡಿದಿದ್ದಿರೋ ಆ ಗಿಡವನ್ನು ಹುಡುಕಿದಿರಿ. ಕೆರೆಗೆ ಇಳಿದಿರಿ, ದೊಡ್ಡದೊಂದು ಕಂಡಿತು, ಅದರ ಬುಡಕ್ಕೆ ಇಟ್ಟಿರಿ. ಅಲ್ಲಿ ಹುಲ್ಲಿರಲಿಲ್ಲ. ಅದನ್ನು ನೀವು ನೋಡಿದ್ದಿರಿ. ನಾನು ನಿಮ್ಮ ಮುಂದೆ ನಿಂತು ಒಂದು ಗರಿಕೆಯೂ ಹುಟ್ಟುವುದಿಲ್ಲ ಎಂದು ಪಾಠ ಹೇಳಿದೆ.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಹೀಗೆ ಬರೆದರೆ ನೀವು ನಂಬುತ್ತೀರೋ ಇಲ್ಲವೋ ಗೊತ್ತಿಲ್ಲ. ಸಿಟ್ಟು ಇದೆಯೇ ಎಂದು ಬುಧವಾರದಿಂದ ಒಳಗೆ ಹುಡುಕಿ ನೋಡಿದ್ದೇನೆ. ಏನೂ ಸಿಗಲಿಲ್ಲ, ದುಃಖವೂ ಸಿಗಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಹಲ್ಲು ಕೀಳುವಾಗ ಇರುತ್ತದಲ್ಲ, ಎಳೆಯುವುದು ತಿಳಿಯುತ್ತದೆ, ನೋವು ತಿಳಿಯುವುದಿಲ್ಲ, ಹಾಗಿದ್ದೇನೆ. ಅಪ್ಪನಿಗೆ ಹೇಳಿದೆ. ಅವನು ಬೀಡಿ ಹಚ್ಚಲು ಹೋಗಿ ಹಚ್ಚದೆ, "ನಂದs ತಪ್ಪು. ಬನ್ನಿ ಅಂದೆ. ದಿಬ್ಬ ಅನ್ನಲಿಲ್ಲ, ಕೆಂಪು ನೆಲ ಅನ್ನಲಿಲ್ಲ. ಬನ್ನಿ ಯಾರಿಗೆ ಗೊತ್ತಿರಂಗಿಲ್ಲ ಅಂದ್ಕೊಂಡೆ" ಎಂದ. ಅವ್ವ ಗೋಡೆ ಕಡೆ ಮುಖ ಮಾಡಿ ಮಲಗಿದಳು. ದುರುಗಪ್ಪ ಕಾಕಾ ತಾನು ಜೊತೆಗೆ ಹೋಗಬೇಕಿತ್ತು ಎನ್ನುತ್ತಾನೆ. ನಮ್ಮ ಮನೆಯಲ್ಲಿ ಈಗ ಎಲ್ಲರೂ ಒಬ್ಬೊಬ್ಬರೇ ತಪ್ಪು ಹೊತ್ತು ಕುಳಿತಿದ್ದಾರೆ. ನನಗೆ ಅದರಿಂದ ಉಪಯೋಗವಿಲ್ಲ. ನನಗೆ ಗಿಡ ಬೇಕು.

ಗುರುವಾರದಿಂದ ಮೂರು ದಿನ ಸಂಜೆ ಒಬ್ಬಳೇ ಕೆರೆಗೆ ಇಳಿದು ಹುಡುಕಿದೆ. ದೊಡ್ಡ ಜಾಲಿಗಳೇ ಇನ್ನೂರರ ಮೇಲಿವೆ. ಎಲ್ಲದರ ಬುಡದಲ್ಲೂ ಕಲ್ಲು, ಎಲ್ಲದರ ಬುಡವೂ ಬೋಳು. ಎರಡು ಮಳೆಗಾಲದ ಹೂಳು ಕೂತಿದೆ. ಒಂದರ ಬುಡದಲ್ಲಿ ಮೂರು ಕಲ್ಲು ಒಟ್ಟಿಗಿದ್ದವು, ಓಡಿಹೋಗಿ ಬಗ್ಗಿ ನೋಡಿದೆ. ಅದು ಆಡು ಕಾಯುವವರು ಚಹಾ ಕಾಸಿದ ಒಲೆ, ಒಳಗೆ ಮಸಿಯಿತ್ತು. ಅಲ್ಲೇ ಸ್ವಲ್ಪ ಹೊತ್ತು ಕುಳಿತು ಎದ್ದು ಬಂದೆ.

ಕೆಲಸ ಒಂದು ವಾರ ಮುಂದೆ ಹಾಕು ಎಂದು ನಿನ್ನೆ ಬೀರೇಶನಿಗೆ ಕೇಳಿದೆ. ಕಾರಣ ಹೇಳಲಿಲ್ಲ. "ಏನಕ್ಕಾ, ಬ್ಯಾಸಗಿ ಮುಗದ್ರ ಮಿಶನ್ ಇಳಿಯಂಗಿಲ್ಲ. ಸಿಗೂದs ಈಗ. ಊರಾಗಿನ ಮಂದಿ ನಿಮ್ಮ ಹೆಸರು ಹೇಳಾಕತ್ತ್ಯಾರ, ಕೆರಿಗೆ ನೀರು ತರ್ತಾಳ ಮೌನಪ್ಪನ ಮಗಳು ಅಂತ" ಎಂದ. ಅವನು ಹೇಳುವುದು ಸರಿ. ಈ ಜಾಲಿ ಹೋಗಲೇಬೇಕು. ಬಾವಿಗೆ ನೀರು ಬರಬೇಕು, ಚೇತನಾ ನಡೆಯುವ ಹೊತ್ತಿಗೆ ಅಲ್ಲಿ ಹುಲ್ಲಿರಬೇಕು. ಕೆಲಸ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಇನ್ನೂರರಲ್ಲಿ ಒಂದು ಗಿಡ ಬಿಡಲಿ ಎನ್ನುತ್ತಿದ್ದೇನೆ. ಹಿಟಾಚಿಯ ಬಾಯಿ ಆಳೆತ್ತರ ನೆಲ ತೆಗೆಯುತ್ತದಂತೆ, ತೆಗೆದದ್ದನ್ನು ಟ್ರ್ಯಾಕ್ಟರಿಗೆ ಹಾಕಿ ಹೊಲಗಳಿಗೆ ಹೊಡೆಯುತ್ತಾರಂತೆ. ಒಳ್ಳೆಯ ಹೂಳು, ಎಲ್ಲರೂ ಬೇಕೆನ್ನುತ್ತಿದ್ದಾರೆ. ಯಾರ ಹೊಲಕ್ಕೆ ಹೋಯಿತೆಂದು ಆಮೇಲೆ ನಾನು ಯಾರನ್ನು ಕೇಳಲಿ?

ಆದ್ದರಿಂದ ಇಷ್ಟು ಹೇಳಿ. ತೂಬಿನ ಕಡೆಯೋ, ಹಳ್ಳದ ಬಾಯಿಯ ಕಡೆಯೋ? ಏರಿ ಇಳಿದ ಮೇಲೆ ಎಡಕ್ಕೆ ಹೋದಿರೋ, ಬಲಕ್ಕೋ? ನೀವು ನಿಂತ ಜಾಗದಿಂದ ದರ್ಗಾದ ಹಸಿರು ಬಾವುಟ ಕಾಣುತ್ತಿತ್ತೇ? ಗಿಡ ಒಂದೇ ಬೊಡ್ಡೆಯದೋ, ಬುಡದಲ್ಲೇ ಕವಲೊಡೆದದ್ದೋ? ನೆನಪಿಲ್ಲ ಎನ್ನಬೇಡಿ. ನಿಮಗೆ ನೆನಪಿದೆ. ನೆನಪಿರುವುದರಿಂದಲೇ ಚೇತನಾಳನ್ನು ಎತ್ತಿಕೊಳ್ಳಲು ನಿಮ್ಮ ಕೈ ಮುಂದೆ ಬರಲಿಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ತಪ್ಪು ತಿಳಿದಿದ್ದರೆ ಅದನ್ನೂ ಫೋನ್ ಮಾಡಿ ಹೇಳಿ.

ನೀವು ಬರಬೇಕೆಂದಿಲ್ಲ, ಮಾನ್ವಿಯಿಂದ ಬೆಳಗಿನ ಬಸ್ಸು ಹಿಡಿದರೂ ಆರಕ್ಕೆ ತಲುಪಲಾಗುವುದಿಲ್ಲ. ಫೋನ್ ಮಾತ್ರ ಮಾಡಿ. ಚಹಾ ಆದ ಮೇಲೆ ಮಾಡಿ, ಐದಕ್ಕೆ ಮಾಡಿ, ಐದೂಮುಕ್ಕಾಲಿಗಾದರೂ ಮಾಡಿ. ಬೆಳಗಾಗುವುದರೊಳಗೆ ಮಾಡಿ.

ನಿಮ್ಮ ಅಂಗಿಯ ಅಳತೆ ನನ್ನ ಹತ್ತಿರ ಹಳೆಯದಿದೆ. ಈಗ ಬಹಳ ಸೊರಗಿದ್ದೀರೆಂದು ನಿಮ್ಮ ತಾಯಿ ಹೇಳಿದರು. ಊಟ ಬಿಡಬೇಡಿ.

ಇಂತಿ ನಿಮ್ಮ
ಸುಮಂಗಲಾ

ತಾ.ಕ.: ಒಂದು ಮಾತು ಮೇಲೆ ಬರೆಯಲಿಲ್ಲ. ಪಟ್ಟಿ ನಿನ್ನೆ ಸಂಜೆಯೇ ಬೀರೇಶನಿಗೆ ಕೊಟ್ಟಾಗಿದೆ. ಅದರಲ್ಲಿ 'ಬನ್ನಿ – ಎರಡು' ಎಂದು ಬರೆದು ಸಹಿ ಮಾಡಿದ್ದೇನೆ. ಕೆರೆಯಲ್ಲಿ ಇರುವುದು ಒಂದೇ ಬನ್ನಿ. ಅಷ್ಟು ವರ್ಷ ಓದಿ ಒಂದು ಗಿಡದ ಹೆಸರನ್ನು ನಾನು ಬೇಕೆಂದೇ ತಪ್ಪು ಬರೆದದ್ದು ಇದೇ ಮೊದಲು. ಎರಡನೆಯದು ಎಲ್ಲಿದೆ ಎಂದು ಅವನು ಕೇಳಿದ, ಬೆಳಿಗ್ಗೆ ತೋರಿಸುತ್ತೇನೆ ಎಂದೆ. ನೀವು ಎಲ್ಲಿ ಇಟ್ಟಿದ್ದೀರೋ ಅದೇ ಬನ್ನಿ. ಇನ್ನು ಮುಂದೆ ಯಾರು ಕೇಳಿದರೂ ನಾನು ಹಾಗೇ ಹೇಳುತ್ತೇನೆ. ನಾಲ್ಕೂವರೆಗೆ ಸುಣ್ಣ ತೆಗೆದುಕೊಂಡು ಕೆರೆಗೆ ಇಳಿಯುತ್ತೇನೆ, ಫೋನ್ ಕೈಯಲ್ಲೇ ಇರುತ್ತದೆ. ಮಾತಾಡಲು ಆಗದಿದ್ದರೆ ಮಾತಾಡಬೇಡಿ. ನಾನು ಒಂದೊಂದೇ ಗಿಡದ ಮುಂದೆ ನಿಂತು ಹೇಗಿದೆ ಎಂದು ಹೇಳುತ್ತ ಹೋಗುತ್ತೇನೆ, ನೀವು ಹೂಂ ಅಥವಾ ಉಹೂಂ ಅನ್ನಿ ಸಾಕು. ಕೈಮುಗಿಯುತ್ತೇನೆ, ಆರರೊಳಗೆ ಫೋನ್ ಮಾಡಿರಿ.